ಉಪ್ಪು ಬಿಟ್ಟ ಬಾವರ್ಚಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಕಾಲಕ್ಕೆ ಶಿವಾಜಿನಗರದ ಕಡೆ ಮದುವೆಯ ಬಿರಿಯಾನಿ ಎಂದರೆ ಜನರಿಗೆ ನೆನಪಾಗುತ್ತಿದ್ದ ಹೆಸರು ಅದು. ಒಂದೇ ಮಧ್ಯಾಹ್ನದಲ್ಲಿ ಕೆಟ್ಟುಹೋಯಿತು. ಕೆಡಿಸಿದ್ದರಲ್ಲಿ ನನ್ನ ನಾಲಿಗೆಯ ಪಾಲೂ ಇತ್ತು. ಮತ್ತೊಮ್ಮೆ ಅದನ್ನು ಜನರ ಬಾಯಿಗೆ ಹಾಕಲು ನನಗೆ ಮನಸ್ಸಿಲ್ಲ. ಎಲ್ಲರೂ ಕರೆಯುತ್ತಿದ್ದ ಹಾಗೆ ಭಾಯ್ ಎಂದರೆ ಸಾಕು.

ಭಾಯ್ ಎಂದರೆ ನನಗೆ ಮೊದಲು ಕಾಣುವುದು ಅವರ ಎಡ ಅಂಗೈ. ಅಕ್ಕಿ ಬೇಯಿಸುವ ಎಸರಿನ ಉಪ್ಪು ನೋಡಲು ಅವರಿಗೆ ಚಮಚ ಬೇಕಿರಲಿಲ್ಲವಂತೆ. ಕುದಿಯುವ ನೀರನ್ನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು, ನಾಲಿಗೆಯ ತುದಿ ತಾಗಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುವುದು. ಇದನ್ನು ಅವರು ನನಗೆ ತೋರಿಸಿದ್ದು ಮಕ್ಕಳ ಆಸ್ಪತ್ರೆಯ ಕಾರಿಡಾರಿನಲ್ಲಿ, ಖಾಲಿ ಅಂಗೈಯಲ್ಲಿ. "ಎಸರು ಕಡಲ ನೀರಿನ ಹಾಗಿರ್ಬೇಕು ಸಾಬ್. ಬಾಯಿಗೆ ಜಾಸ್ತಿ ಆಯ್ತು ಅನ್ನಿಸ್ಬೇಕು. ಆವಾಗ್ಲೇ ಅನ್ನಕ್ಕೆ ಸರಿ." ಕಣ್ಣು ಮುಚ್ಚಿ ಅವರು ಖಾಲಿ ಅಂಗೈ ನೆಕ್ಕಿದ್ದನ್ನು ಕಂಡು ಎದುರಿಗಿದ್ದ ನರ್ಸ್ ನಕ್ಕುಬಿಟ್ಟಳು. ಭಾಯ್‌ಗೆ ಬೇಕಾಗಿದ್ದದ್ದೂ ಅದೇ.

ನಾವಿಬ್ಬರೂ ಅಲ್ಲಿ ಇದ್ದದ್ದು ಒಂದೇ ಕಾರಣಕ್ಕೆ. ನನ್ನ ಮಗ ಅನಿಗೆ ಆಗ ಐದು ವರ್ಷ. ಬೆಳಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಸೊಳ್ಳೆ ಎಂದುಕೊಂಡೆವು, ಧೂಳು ಎಂದುಕೊಂಡೆವು. ಜೀವನ್ ಬಿಮಾ ನಗರದ ನಮ್ಮ ಕ್ಲಿನಿಕ್ಕಿನಲ್ಲಿ ಅಲರ್ಜಿಗೆ ಸಿರಪ್ ಕೊಟ್ಟರು. ಸಾಕ್ಸ್ ಬಿಚ್ಚಿದ ಮೇಲೂ ಅದರ ಗುರುತು ಕಾಲಿನಲ್ಲಿ ಹಳ್ಳ ಬಿದ್ದಂತೆ ಉಳಿದಾಗ, ಮೂತ್ರದಲ್ಲಿ ನೊರೆ ನಿಂತಾಗ ನಮಗೆ ಭಯ ಹತ್ತಿತು. ಕಂಟೋನ್ಮೆಂಟಿನ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಪಕ್ಕದ ಹಾಸಿಗೆಯಲ್ಲಿದ್ದವಳು ಭಾಯ್ ಮಗಳು ಅಫ್ರೀನ್. ಅನಿಗಿಂತ ಒಂದು ವರ್ಷ ದೊಡ್ಡವಳು. ಅದೇ ಕಣ್ಣು, ಅದೇ ಕಾಲು, ಅದೇ ಕಾಯಿಲೆ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಹೇಳಿದರು. ಇದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಅಂತಾರೆ. ಕಿಡ್ನಿ ಒಂದು ಜರಡಿ. ಆ ಜರಡಿಯ ಕಣ್ಣು ದೊಡ್ಡದಾಗಿ ರಕ್ತದ ಪ್ರೋಟೀನ್ ಸೋರಿಹೋಗುತ್ತಿದೆ. ಆರು ವಾರ ದಿನವೂ ಸ್ಟೀರಾಯ್ಡ್ ಮಾತ್ರೆ, ಆಮೇಲೆ ದಿನ ಬಿಟ್ಟು ದಿನ. ಮಕ್ಕಳಲ್ಲಿ ಹೆಚ್ಚಿನವರು ಸ್ಟೀರಾಯ್ಡ್‌ಗೆ ಬಗ್ಗುತ್ತಾರೆ, ಕೆಲವರು ಬಗ್ಗುವುದಿಲ್ಲ. "ಯಾರು ಬಗ್ತಾರೆ ಅಂತ ಈಗ್ಲೇ ಹೇಳೋಕಾಗಲ್ಲ. ಮಾತ್ರೆನೇ ಹೇಳ್ಬೇಕು," ಎಂದರು. ಉಪ್ಪು ಕಡಿಮೆ ಮಾಡಿ, ಬೆಳಗಿನ ಮೂತ್ರವನ್ನು ಮನೆಯಲ್ಲೇ ಪರೀಕ್ಷೆ ಮಾಡುತ್ತಿರಿ, ಗುರುವಾರ ಬನ್ನಿ. ಭಾಯ್ ಎಲ್ಲದಕ್ಕೂ ತಲೆಯಾಡಿಸಿ ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು: "ಬಗ್ಗದವರಿಗೆ ಏನ್ ಮಾಡ್ತಾರೆ ಅಂತ ನೀವು ಯಾಕೆ ಕೇಳ್ಲಿಲ್ಲ ಸಾಬ್? ನೀವು ಓದಿದೋರು." ನೀವೇ ಕೇಳಬಹುದಿತ್ತಲ್ಲ ಎಂದೆ. "ನಂಗೆ ಧೈರ್ಯ ಇಲ್ಲ," ಎಂದರು. ನನಗೂ ಇರಲಿಲ್ಲ.

ಭಾಯ್ ಕುಳ್ಳಗಿನ ಆಳು, ದಪ್ಪ ಮುಂಗೈ. ಒಲೆಯ ಝಳಕ್ಕೆ ಕೈಮೇಲಿನ ಕೂದಲೆಲ್ಲ ಸುಟ್ಟು ಚರ್ಮ ನುಣ್ಣಗಾಗಿತ್ತು. ಗಡ್ಡಕ್ಕೆ ಮೆಹಂದಿ, ಕಿವಿಯಲ್ಲಿ ಅತ್ತರಿನ ಹತ್ತಿ. ಮಾತು ಬಹಳ, ನಿಜ ಅದರಲ್ಲಿ ಅರ್ಧ. ತಮ್ಮ ದಾಲ್ಚಾ ತಿಂದು ಜಗಳಕ್ಕೆ ನಿಂತಿದ್ದ ಬೀಗರಿಬ್ಬರು ತಬ್ಬಿಕೊಂಡರು ಎಂದು ಒಂದು ಗುರುವಾರ ಹೇಳಿದರೆ, ಮುಂದಿನ ಗುರುವಾರ ಅದೇ ಕಥೆಯಲ್ಲಿ ದಾಲ್ಚಾ ಹೋಗಿ ಕಬಾಬ್ ಬಂದಿರುತ್ತಿತ್ತು. ಕೇಳಿದರೆ, "ಎರಡೂ ಮಾಡಿದ್ದೆ ಸಾಬ್," ಎನ್ನುವರು. ಸೋಲುವ ಜಾಯಮಾನವೇ ಅಲ್ಲ.

ಮೂತ್ರ ಪರೀಕ್ಷೆಯ ಕೆಲಸ ಮಾತ್ರ ಅವರ ಮಾತನ್ನು ನಿಲ್ಲಿಸುತ್ತಿತ್ತು. ನಾನು ಪ್ರೋಟೀನ್ ಕಂಡರೆ ಹಳದಿಯಿಂದ ಹಸಿರಾಗುವ ಪಟ್ಟಿಗಳನ್ನು ಅಂಗಡಿಯಿಂದ ತರುತ್ತಿದ್ದೆ. ಭಾಯ್ ಗಾಜಿನ ನಳಿಗೆಯಲ್ಲಿ ಮೂತ್ರ ಕಾಯಿಸಿ ನೋಡುವ ಹಳೆಯ ಕ್ರಮವನ್ನು ನರ್ಸಿನಿಂದ ಕಲಿತುಕೊಂಡಿದ್ದರು. ಪ್ರೋಟೀನ್ ಇದ್ದರೆ ಬಿಸಿಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. "ಮೊಟ್ಟೆ ಬೆಂದ ಹಾಗೆ ಆಗ್ಬಿಡತ್ತೆ ಸಾಬ್. ಇಷ್ಟ್ ವರ್ಷ ಒಲೆ ಮುಂದೆ ನಿಂತಿದೀನಿ, ಏನೂ ಬೇಯದೇ ಇರ್ಲಿ ಅಂತ ಇವತ್ತೇ ಬೇಡ್ಕೊಂಡಿದ್ದು," ಎಂದು ಒಮ್ಮೆ ಹೇಳಿ ಬೇರೆ ಕಡೆ ನೋಡಿದರು.

ಸ್ಟೀರಾಯ್ಡ್ ಶುರುವಾದ ಮೇಲೆ ಮಕ್ಕಳಿಬ್ಬರಿಗೂ ಬಂದ ಹಸಿವು ಹೇಳತೀರದು. ಅನಿ ಗೋಡೆಯ ಸುಣ್ಣ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿದ. ಮುಖ ಹುಣ್ಣಿಮೆಯಂತೆ ಗುಂಡಗಾಯಿತು. ಕಲ್ಯಾಣ ನಗರದ ನನ್ನ ಅಕ್ಕ ಬಂದು, "ಅಂತೂ ಮೈ ಹಿಡಿದ," ಎಂದು ಸಂತೋಷಪಟ್ಟಳು. ಉಪ್ಪಿಲ್ಲದ ಸಾರನ್ನು ಅವನು ತಟ್ಟೆಸಮೇತ ಎಸೆಯುತ್ತಿದ್ದ. ಕೊನೆಗೆ ನನ್ನ ಹೆಂಡತಿ, "ರೀ, ನಾವೂ ಬಿಟ್ಬಿಡೋಣ. ಮನೇಲಿ ಉಪ್ಪೇ ಇಲ್ಲ ಅಂದ್ರೆ ಅವ್ನು ಯಾರ ತಟ್ಟೆ ನೋಡಿ ಅಳ್ತಾನೆ?" ಎಂದಳು. ಹಾಗೇ ಮಾಡಿದೆವು. ಇನ್ಶೂರೆನ್ಸ್ ಆಫೀಸಿಗೆ ನಾನು ಒಯ್ಯುತ್ತಿದ್ದ ಡಬ್ಬಿಯೂ ಸಪ್ಪೆಯೇ.

ಇದನ್ನು ಗುರುವಾರದ ಸಾಲಿನಲ್ಲಿ ಕೂತು ಭಾಯ್‌ಗೆ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಅವರು ತಮ್ಮ ಗಂಟಲು ಮುಟ್ಟಿಕೊಂಡು, "ನಾನೂ ಬಿಡ್ತೀನಿ. ಅಫ್ರೀನ್ ನಳಿಗೇಲಿ ನೀರು ತಿಳಿ ಆಗೋವರ್ಗೂ ಉಪ್ಪು ನಾಲಿಗೆಗೆ ಮುಟ್ಸಲ್ಲ. ಮನ್ನತ್," ಎಂದರು. ಮನ್ನತ್ ಎಂದರೆ ಹರಕೆ. ನಮ್ಮದು ಮನೆಯ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಅವರದು ದೇವರ ಜೊತೆ ಆಡಿದ ಮಾತು. ಆ ವ್ಯತ್ಯಾಸ ನನಗೆ ಅಂದು ಹೊಳೆಯಲಿಲ್ಲ.

"ಮತ್ತೆ ಎಸರು ಹೇಗೆ ನೋಡ್ತೀರಿ?" ಎಂದು ಕೇಳಿದೆ.

"ರಂಜಾನ್‌ನಲ್ಲಿ ರೋಜಾ ಇಟ್ಕೊಂಡು ಅಡುಗೆ ಮಾಡಲ್ವಾ? ನಮ್ ಭಾಮೈದ ಇದಾನೆ, ಅವ್ನು ನೋಡ್ತಾನೆ. ನಂಗೆ ಹಬೆ ಮೂಸಿದ್ರೆ ಸಾಕು."

ಎರಡನೆಯ ವಾರ ಮುಗಿಯುವಷ್ಟರಲ್ಲಿ ಅನಿಯ ಪಟ್ಟಿ ಹಸಿರಾಗುವುದು ನಿಂತಿತು. ಮೂರು ದಿನ ಸತತವಾಗಿ ಹಳದಿ. ಡಾಕ್ಟರಮ್ಮ ನಕ್ಕು, "ಬಗ್ಗಿದ," ಎಂದರು. ಮಾತ್ರೆಯ ಕೋರ್ಸ್ ಮುಗಿಯುವವರೆಗೂ ಉಪ್ಪು ಕಡಿಮೆಯೇ ಇರಲಿ ಎಂದರು. ನಾನು ಹೊರಗೆ ಬಂದಾಗ ಭಾಯ್ ಕಾಯುತ್ತಿದ್ದರು. ಮುಖವನ್ನು ಎಷ್ಟು ಸಪ್ಪಗೆ ಮಾಡಿಕೊಂಡರೂ ಅವರು ಕಂಡುಹಿಡಿದುಬಿಟ್ಟರು. "ಹೋಯ್ತಾ? ಅರೇ, ಹೇಳಿ ಸಾಬ್, ಹೋಯ್ತಾ?" ನನ್ನನ್ನು ತಬ್ಬಿಕೊಂಡು, ಅನಿಯನ್ನು ಎತ್ತಿ ತಿರುಗಿಸಿ, ಮುಂದಿನ ವಾರ ಅವನಿಗೆಂದು ಕೇಸರಿ ಹಾಕಿದ ಜರ್ದಾ ತಂದರು. ಅಫ್ರೀನ್‌ಳ ನಳಿಗೆ ಇನ್ನೂ ಬೆಳ್ಳಗೇ ಆಗುತ್ತಿತ್ತು. ಆ ಸಿಹಿ ಅನ್ನ ತಿನ್ನುವುದೆಂದರೆ ನನಗೆ ಕದ್ದು ತಂದದ್ದನ್ನು ತಿನ್ನುವ ಹಾಗಿತ್ತು.

ಅವರಿಗೆ ಇನ್ನೊಂದು ಅನುಮಾನ ಬಂತು. ತಮ್ಮ ಬೀದಿಯ ಅಂಗಡಿಯ ಮಾತ್ರೆಯಲ್ಲೇ ಏನೋ ಐಬು. "ನಿಮ್ ಅಂಗಡೀದು ತಂದ್ಕೊಡಿ ಸಾಬ್." ಒಂದೇ ಕಂಪನಿ, ಒಂದೇ ಮಾತ್ರೆ ಎಂದು ತೋರಿಸಿದೆ. ಕೇಳಲಿಲ್ಲ. ತಂದುಕೊಟ್ಟೆ. ಆ ಪೊಟ್ಟಣವನ್ನು ಅವರು ಎರಡೂ ಕೈಯಲ್ಲಿ ಇಸಿದುಕೊಂಡ ರೀತಿ ನೋಡಿ, ನನ್ನ ಮಗನ ಅದೃಷ್ಟವನ್ನೂ ಅದರಲ್ಲಿ ಸ್ವಲ್ಪ ಕಟ್ಟಿಕೊಟ್ಟಿದ್ದರೆ ಎನ್ನಿಸಿತು.

ಐದನೆಯ ವಾರ ಫ್ರೇಜರ್ ಟೌನಿನ ಒಂದು ಛತ್ರದಲ್ಲಿ ದೊಡ್ಡ ಮದುವೆಯ ಊಟ ಅವರ ಪಾಲಿಗೆ ಬಂದಿತ್ತು. ದಮ್ ಒಡೆಯುವುದನ್ನು, ಮುಚ್ಚಳಕ್ಕೆ ಮೆತ್ತಿದ ಹಿಟ್ಟು ಬಿಡಿಸಿ ಬಿರಿಯಾನಿ ತೆರೆಯುವುದನ್ನು ನೀವು ನೋಡಲೇಬೇಕು ಎಂದು ನನ್ನನ್ನು ಬೆಳಗ್ಗೆಯೇ ಕರೆಸಿಕೊಂಡರು. ಛತ್ರದ ಹಿಂದಿನ ಅಂಗಳದಲ್ಲಿ ಸೌದೆಯ ಒಲೆಗಳು, ಅವುಗಳ ಮೇಲೆ ಮನುಷ್ಯ ಕೂರುವಷ್ಟು ದೊಡ್ಡ ದೇಗುಗಳು. ಎಸರು ಮರಳುತ್ತಿತ್ತು. ಉಪ್ಪು ನೋಡಬೇಕಾದ ಭಾಮೈದ ಬಂದಿರಲಿಲ್ಲ; ಅವನನ್ನು ಹಲಸೂರಿನ ಇನ್ನೊಂದು ಊಟಕ್ಕೆ ಕಳಿಸಿದ್ದರು. ಕೆಲಸದವರಲ್ಲಿ ಒಬ್ಬ ಸೌಟಿಗೆ ಕೈ ಹಾಕಿದ. ಭಾಯ್ ತಡೆದರು.

"ನಕ್ಕೋ, ಬೇಡ. ನಿಂಗೆ ಎಲ್ಲಾ ಸರೀನೇ." ಆಮೇಲೆ ನನ್ನ ಕಡೆ ತಿರುಗಿದರು. "ಸಾಬ್, ನೀವು ನೋಡಿ. ನಿಮ್ದು ಶುದ್ಧ ನಾಲಿಗೆ. ಇವ್ರೆಲ್ಲಾ ಗುಟ್ಕಾ, ಬೀಡಿ. ಉಪ್ಪು ಬಿಟ್ಟಿರೋ ನಾಲಿಗೆಗೆ ಉಪ್ಪು ಚೆನ್ನಾಗಿ ಗೊತ್ತಾಗತ್ತೆ."

ನನಗೂ ಅದು ಸರಿಯೆನಿಸಿತು. ಎಡ ಅಂಗೈ ಚಾಚಿದೆ. ಅವರು ಊದಿ ಊದಿ ಎರಡು ಹನಿ ಬಿಟ್ಟರು. ನಾಲಿಗೆ ತಾಗಿಸಿ, ಅವರ ಹಾಗೆಯೇ ಕಣ್ಣು ಮುಚ್ಚಿದೆ.

"ಕಡಲಾ?" ಎಂದು ಕೇಳಿದರು.

"ಕಡಲೇ ಭಾಯ್. ಬಾಯೆಲ್ಲಾ ಉಪ್ಪಾಗೋಯ್ತು."

ಅವರ ಬಲಗೈ ಮುಷ್ಟಿಯಲ್ಲಿ ಇನ್ನೂ ಉಪ್ಪಿತ್ತು. ಹಾಕುವುದಕ್ಕೆಂದೇ ಹಿಡಿದಿದ್ದರು, ಅವರ ಕೈ ಅಷ್ಟು ಬೇಕು ಎನ್ನುತ್ತಿತ್ತು. ಒಂದು ಗಳಿಗೆ ನನ್ನ ಮುಖ ನೋಡಿ, ಮುಷ್ಟಿಯನ್ನು ಡಬ್ಬಿಯ ಮೇಲೆ ಬಿಚ್ಚಿದರು. ಒಂದಾದ ಮೇಲೆ ಒಂದು, ಎಲ್ಲ ದೇಗುಗಳಿಗೂ ಅದೇ ಅಳತೆ ಬಿತ್ತು.

ಊಟಕ್ಕೆ ಕೂತಾಗ ನನಗೆ ಬಿರಿಯಾನಿ ಅಮೃತದ ಹಾಗಿತ್ತು. ಬಹಳ ದಿನಗಳ ಮೇಲೆ ಉಪ್ಪು ಕಂಡ ನಾಲಿಗೆ. "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ಪಕ್ಕದವರಿಗೆ ಹೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಷ್ಟರಲ್ಲಿ ಆ ಕಡೆಯ ಸಾಲಿನಿಂದ "ನಮಕ್" ಎಂದು ಯಾರೋ ಕೂಗಿದರು. ಈ ಕಡೆಯಿಂದ ಇನ್ನೊಬ್ಬರು. ಪ್ಯಾಕೆಟ್ ಒಡೆದು ಸ್ಟೀಲ್ ಬಟ್ಟಲುಗಳಲ್ಲಿ ಉಪ್ಪು ಸಾಲುಸಾಲಿಗೆ ಬಂತು. ಮದುವೆಯ ಬಿರಿಯಾನಿಯ ಪಕ್ಕ ಉಪ್ಪಿನ ಬಟ್ಟಲು ಬರುವುದೆಂದರೆ ಅಡುಗೆ ಮಾಡಿದ ಬಾವರ್ಚಿಯ ಮುಖಕ್ಕೆ ಉಗಿದ ಹಾಗೆ. ಮದುಮಗನ ತಂದೆ ಅಂಗಳಕ್ಕೆ ನುಗ್ಗಿ, "ಯಾರ್ ನೋಡಿದ್ದು ಉಪ್ಪು?" ಎಂದು ಗದರಿದರು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಿದ್ದೆ.

ಭಾಯ್ ನನ್ನ ಕಡೆ ಕಣ್ಣೆತ್ತಲೂ ಇಲ್ಲ. "ನಾನೇ," ಎಂದರು.

ನಾನು ಬಾಯಿ ಬಿಡುವ ಮೊದಲೇ ಅವರು ನನ್ನತ್ತ ಬೆನ್ನು ಮಾಡಿ ನಿಂತು, ಬೈಗುಳವನ್ನೆಲ್ಲ ಇಸಿದುಕೊಂಡರು. ನಾನು ಆಮೇಲೆ ಹೇಳಬಹುದಿತ್ತು. ಆಮೇಲೆ ಎನ್ನುವುದು ಬರಲೇ ಇಲ್ಲ.

ಗುರುವಾರ ಕಾರಿಡಾರಿನಲ್ಲಿ ನಾನು ತಲೆತಗ್ಗಿಸಿ ಹೋದರೆ ಅವರೇ ಬಂದು ಕೈ ಹಿಡಿದುಕೊಂಡರು. ಅವರ ಮುಖದಲ್ಲಿ ಬೇಜಾರಿರಲಿಲ್ಲ. "ಕಮ್ಮಿ ಉಪ್ಪೂ ನಿಮ್ಗೆ ಸರಿ ಅನ್ನಿಸ್ತಲ್ಲ ಸಾಬ್! ಅಂದ್ರೆ ನೀವೂ ನಿಜವಾಗ್ಲೂ ಬಿಟ್ಟಿದೀರಿ. ಬಾಯಿ ಮಾತಿಗೆ ಹೇಳಿರ್ತೀರಿ ಅಂದ್ಕೊಂಡಿದ್ದೆ, ಮಾಫ್ ಮಾಡಿ. ನಂಜೊತೆ ಒಬ್ರು ಇದೀರಲ್ಲ, ಅಷ್ಟು ಸಾಕು." ಕ್ಷಮೆ ಕೇಳಬೇಕಾದವನು ನಾನು. ಅದನ್ನೂ ಅವರೇ ಕೇಳಿಬಿಟ್ಟರು.

ಆರು ವಾರ ಮುಗಿಯಿತು. ಅಫ್ರೀನ್ ಬಗ್ಗಲಿಲ್ಲ. ಅವಳ ಕಿಡ್ನಿ ಸ್ಟೀರಾಯ್ಡ್‌ಗೆ ಸ್ಪಂದಿಸುತ್ತಿಲ್ಲ, ಸೂಜಿ ಹಾಕಿ ಒಂದು ಚೂರು ತೆಗೆದು ನೋಡಬೇಕು, ಬೇರೆ ಔಷಧಿ ಶುರುಮಾಡಬೇಕು ಎಂದು ಡಾಕ್ಟರಮ್ಮ ಮೃದುವಾಗಿಯೇ ಹೇಳಿದರು. ಭಾಯ್ ಹೊರಗೆ ಬಂದು ಬೆಂಚಿನಲ್ಲಿ ಕೂತರು. "ಅದೇ ಮಾತ್ರೆ ಅಲ್ವಾ ಸಾಬ್? ನಿಮ್ ಅಂಗಡೀದೇ ಅಲ್ವಾ?" ದೂರು ಹೇಳುವ ದನಿಯಲ್ಲ; ಲೆಕ್ಕ ತಪ್ಪಿದ ಮಗು ಕೇಳುವ ದನಿ. ಹೌದು ಎಂದೆ.

ಅನಿಯ ಮಾತ್ರೆಗಳು ಮುಗಿದ ದಿನ ನನ್ನ ಹೆಂಡತಿ ಮೊಸರನ್ನದ ಪಕ್ಕ ಮಾವಿನಕಾಯಿ ಉಪ್ಪಿನಕಾಯಿ ಬಡಿಸಿದಳು. ತಿಂದೆ. ಬೆರಳು ಚೀಪಿದೆ. ಅದೇ ಹೊತ್ತಿಗೆ ಭಾಯ್ ಫೋನ್ ಬಂತು. "ನಮ್ದು ನಡೀತಿದೆ ಸಾಬ್. ನಿಮ್ದು?" ಅನಿ ಆರಾಮಾಗಿದ್ದಾನೆ ಎಂದೆ. "ಅದಲ್ಲ, ಉಪ್ಪು." ಮನೆಯಲ್ಲಿ ಕಡಿಮೆಯೇ ಎಂದೆ. ಸುಳ್ಳಲ್ಲ, ನಿಜವೂ ಅಲ್ಲ. "ಗೊತ್ತಿತ್ತು ಸಾಬ್," ಎಂದು ಅವರು ಫೋನ್ ಇಟ್ಟರು. ಬೆರಳಿನಲ್ಲಿ ಇನ್ನೂ ಉಪ್ಪಿನಕಾಯಿಯ ಎಣ್ಣೆ ಇತ್ತು.

ಮುಂದಿನ ವರ್ಷ ನೆಗಡಿ ಜ್ವರ ಬಂದು ಅನಿಗೆ ಕಾಯಿಲೆ ಮರುಕಳಿಸಿತು. ಪಟ್ಟಿ ಹಸಿರಾದದ್ದನ್ನು ನೋಡಿ ಹೆದರಿ ಇನ್ನೊಂದು ಪಟ್ಟಿ ಅದ್ದಿದೆ, ಅದೂ ಹಸಿರು. ಆದರೆ ಆ ಭಯದ ಅಡಿಯಲ್ಲಿ ಒಂದು ಹಗುರವೂ ಇತ್ತು: ಇನ್ನು ಭಾಯ್ ಮುಖ ನೋಡಬಹುದು. ಹೆತ್ತ ಮಗನ ಕಾಯಿಲೆಯಲ್ಲಿ ಹಗುರ ಕಂಡ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ. ಮೊದಲ ಫೋನ್ ಅವರಿಗೇ ಮಾಡಿದೆ. ಅವರು ಫೋನಿನಲ್ಲೇ ಅತ್ತರು, ದರ್ಗಾಕ್ಕೆ ಹೋಗಿ ಬೇಡಿಕೊಂಡರು. ಅದೇ ಹಳೆಯ ಮಾತ್ರೆಗೆ ಅನಿ ವಾರದೊಳಗೆ ಮತ್ತೆ ಬಗ್ಗಿದ. ಸುದ್ದಿ ಹೇಳಿದಾಗ ಭಾಯ್ ಕುಣಿದಾಡಿದ್ದು ಫೋನಿನಲ್ಲೇ ಕೇಳಿಸಿತು.

ಬಿರಿಯಾನಿಯ ಕೆಲಸ ಅವರಿಗೆ ಮತ್ತೆ ಬರಲಿಲ್ಲ. ಬಂದ ಒಂದೆರಡನ್ನು ಅವರೇ ಭಾಮೈದನಿಗೆ ದಾಟಿಸಿದರು. ಹರಕೆ ಇರುವ ತನಕ ಎಸರು ನೋಡುವಂತಿಲ್ಲ, ಇನ್ನೊಬ್ಬರ ನಾಲಿಗೆಯನ್ನು ನಂಬುವ ಧೈರ್ಯವೂ ಉಳಿದಿರಲಿಲ್ಲ. ಮದುವೆಗಳಿಗೆ ಬರೀ ಜರ್ದಾ, ಖೀರು ಮಾಡಿಕೊಡತೊಡಗಿದರು. "ಸಕ್ಕರೆ ಬಿಟ್ಟಿಲ್ವಲ್ಲ," ಎಂದು ನಗುತ್ತಿದ್ದರು. ಅಫ್ರೀನ್‌ಳ ಹೊಸ ಔಷಧಿ ಒಂದಿಷ್ಟು ಹಿಡಿಯಿತು. ಊತ ಇಳಿಯಿತು, ಶಾಲೆಗೆ ಹೋದಳು. ಆದರೆ ಸೋರುವುದು ಪೂರ್ತಿ ನಿಲ್ಲಲಿಲ್ಲ. ನಳಿಗೆಯಲ್ಲಿ ಮಂಜು ಕವಿದಂತೆ ಏನೋ ಒಂದು ಉಳಿದೇ ಇರುತ್ತಿತ್ತಂತೆ. ತಿಳಿಯಾಗುವವರೆಗೆ ಎಂದು ಅವರು ಆಡಿದ ಮಾತು ಹಾಗಾಗಿ ಮುಗಿಯಲೇ ಇಲ್ಲ.

ನಾನು ಹೋಗುವುದು ಕಡಿಮೆಯಾಯಿತು. ಹೋದಾಗಲೆಲ್ಲ ಅವರು ಅನಿಯನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, "ಮಾಶಾ ಅಲ್ಲಾ, ಎಷ್ಟ್ ಉದ್ದ ಆದ!" ಎಂದು ಸಂಭ್ರಮಿಸುವರು. ಪಕ್ಕದಲ್ಲೇ ಅಫ್ರೀನ್ ನಿಂತಿರುವಳು, ಅವನಿಗಿಂತ ದೊಡ್ಡವಳು, ಅವನ ಭುಜಕ್ಕೂ ಬರದವಳು. ಅನಿಯನ್ನು ಕರೆದೊಯ್ಯುವುದನ್ನು ಬಿಟ್ಟೆ. ಆಮೇಲೆ ನಾನೂ ಹಬ್ಬಕ್ಕೊಂದು ಫೋನಿಗೆ ಇಳಿದೆ.

ಭಾಯ್ ಹೃದಯಾಘಾತದಿಂದ ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ನಲವತ್ತನೆಯ ದಿನದ ಫಾತಿಹಾ ಊಟಕ್ಕೆ ಅಫ್ರೀನ್ ತಾನೇ ಫೋನ್ ಮಾಡಿ ಕರೆದಳು. ಈಗ ಕಾಲೇಜಿನಲ್ಲಿರುವ ಅನಿಯೂ ನಾನೂ ಹೋದೆವು. ಭಾಮೈದ ಮಾಡಿದ ಬಿರಿಯಾನಿಯ ಘಮ ಓಣಿಯವರೆಗೆ ಬಂದಿತ್ತು. ಊಟಕ್ಕೆ ಹಾಸಿದ ದಸ್ತರಖಾನಿನ ಮುಂದೆ ಕೂತೆವು. ಅನಿಯ ತಟ್ಟೆಗೆ ಬಡಿಸಿದರು. ನನ್ನ ತಟ್ಟೆಯ ಹತ್ತಿರ ಬಂದ ಸೌಟನ್ನು ಅಫ್ರೀನ್ ತಡೆದಳು.

"ಅಂಕಲ್‌ಗೆ ಬೇಡ. ಅವರ್ದು ಬೇರೆ ಇದೆ."

ಒಳಗಿನಿಂದ ಒಂದು ಸಣ್ಣ ಪಾತ್ರೆ ತಂದಳು. ಮಸಿ ಹಿಡಿದು, ಅಂಚು ಬಾಗಿದ ಪಾತ್ರೆ. "ನಂದೂ ಅಬ್ಬಾದೂ ದಿನಾ ಇದ್ರಲ್ಲೇ ಅಂಕಲ್, ಉಪ್ಪಿಲ್ದೇ ಇರೋದು. ನೀವೂ ನಮ್ ಪಾತ್ರೆಯೋರೇ ಅಂತ ಅಬ್ಬಾ ಯಾವಾಗ್ಲೂ ಹೇಳೋರು. ನಂಗೋಸ್ಕರ ಇನ್ನೂ ಬಿಟ್ಟಿದಾರೆ, ಬಂದ್ರೆ ಮರೀಬೇಡ ಅಂದಿದ್ರು." ಅನ್ನವನ್ನು ನನಗೆ ಬಡಿಸಿ, ಉಳಿದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತಳು.

ಅನಿ ಬಾಯಿ ತೆರೆದ. ನಾನು ಮೊಸರನ್ನಕ್ಕೂ ಮೇಲುಪ್ಪು ಉದುರಿಸಿಕೊಳ್ಳುವವನು ಎಂದು ಅವನಿಗೆ ಗೊತ್ತು. ನನ್ನ ಮುಖ ನೋಡಿ ತನ್ನ ತಟ್ಟೆಗೆ ಕೈ ಹಾಕಿದ.

ತುತ್ತು ಬಾಯಿಗಿಟ್ಟೆ. ಮಸಾಲೆ ಇತ್ತು, ತುಪ್ಪ ಇತ್ತು, ಪುದೀನ ಇತ್ತು. ಅಫ್ರೀನ್ ನನ್ನನ್ನೇ ನೋಡುತ್ತಿದ್ದಳು, ಅವಳ ತಂದೆ ಎಸರಿನ ಪಕ್ಕ ನಿಂತು ನೋಡಿದ್ದ ಹಾಗೆ.

"ಸರಿಯಾಗಿದೆಯಾ ಅಂಕಲ್?"

"ಸರಿಯಾಗಿದೆ ಕಣಮ್ಮ," ಎಂದೆ.

"ಇನ್ನೊಂದ್ ಸ್ವಲ್ಪ ಹಾಕ್ಲಾ? ಅಬ್ಬಾದು ಪಾಲು ಇದೆ."

ತಟ್ಟೆ ಮುಂದಕ್ಕೆ ಸರಿಸಿದೆ.